ಹೋಗಿ ಬರುವ ಗಾಡಿ

ಸ್ನೇಹಲಳ ಸಿಟ್ಟು ಶುರುವಾದದ್ದು ಒಂದು ಪ್ಲಾಸ್ಟಿಕ್ ಕುರ್ಚಿಯಿಂದ. ಹುಮನಾಬಾದಿನ ಎಲೆಕ್ಟ್ರಿಕ್ ಗಾಡಿಗಳ ಅಂಗಡಿಯೊಳಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಕಾಲಿಟ್ಟಿದ್ದರು. ಮಾಲೀಕ ಶಂಕರಲಿಂಗ ಒಂದೇ ಒಂದು ಕುರ್ಚಿ ಎಳೆದು, ಹೆಗಲ ಮೇಲಿನ ಟವೆಲ್ಲಿನಿಂದ ಧೂಳು ಝಾಡಿಸಿ, ಅವಳ ಗಂಡ ಸಂಘರತ್ನನ ಕಡೆ ಸರಿಸಿದ. ಚಹಾವೂ ಒಂದೇ ಬಂತು.

"ನಿಮ್ಮ ವಜನ್ ಎಷ್ಟದ ಸರ್?" ಶಂಕರಲಿಂಗ ಕೇಳಿದ.

"ಅರವತ್ತೆಂಟು," ಎಂದ ಸಂಘರತ್ನ, ತಾನೇ ದಿನಾ ಗಾಡಿ ಓಡಿಸುವವನ ಹಾಗೆ.

ಗಾಡಿ ಓಡಿಸುವವಳು ಐವತ್ತೊಂದು ಕಿಲೊ ತೂಗುವ ಸ್ನೇಹಲ. ತಾನು ಚೀಟಿ ಕಟ್ಟಿ ಕೂಡಿಸಿದ ದುಡ್ಡನ್ನು ತನ್ನ ಚೀಲದಲ್ಲೇ ಅವುಚಿಕೊಂಡು ಅವಳು ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದಳು. ಒಳಗೆ ಬಂದ ಕೂಡಲೇ ಜಗಳ ಬೇಡ ಎಂದು ನಾಲಿಗೆ ಕಚ್ಚಿಕೊಂಡಳು. ಅದೇ ತಪ್ಪಾಯಿತು. ಕೆಲವು ಜಗಳಗಳನ್ನು ಹೊಸ್ತಿಲಲ್ಲೇ ಆಡಿ ಮುಗಿಸಬೇಕು. ಬಿಟ್ಟರೆ ಅವು ಮೈ ಬೆಳೆಸಿಕೊಂಡು ಮನೆಯವರೆಗೂ ಬರುತ್ತವೆ.

ಸ್ನೇಹಲ ಬಸವಕಲ್ಯಾಣದ ಒಂದು ಲ್ಯಾಬಿನವಳು. ಆರು ವರ್ಷ ಲ್ಯಾಬಿನೊಳಗೇ ಕೂತು ಬಂದವರ ರಕ್ತ ತೆಗೆದವಳಿಗೆ ಈಗ ಮನೆ ಮನೆಗೆ ಹೋಗಿ ತೆಗೆದುಕೊಂಡು ಬರುವ ಕೆಲಸ ಸಿಕ್ಕಿತ್ತು. ಲ್ಯಾಬಿನ ಒಡತಿ ವಿದ್ಯಾವತಿ ಮೇಡಂ ಕರೆದು ಹೇಳಿದ್ದರು, "ನಿನ್ನ ಕೈ ಹಗುರ ಅದ, ಮಂದಿ ನಿನ್ನೇ ಕೇಳ್ತಾರ. ಆದ್ರ ಗಾಡಿ ನಿಂದೇ ಇರಬೇಕು ನೋಡವ್ವ. ಆಟೊ ಹಾದಿ ಕಾಯ್ಕೋತ ನಿಂತ್ರ ಈ ಕೆಲಸ ಆಗಂಗಿಲ್ಲ."

ಈ ಕೆಲಸದ ಗುಟ್ಟು ಹೊರಗಿನವರಿಗೆ ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆಯವರ ರಕ್ತವನ್ನು ಎರಡು ಸಲ ತೆಗೆಯಬೇಕು. ಖಾಲಿ ಹೊಟ್ಟೆಯಲ್ಲಿ ಒಂದು ಸಲ, ತಿಂದು ಸರಿಯಾಗಿ ಎರಡು ತಾಸಿಗೆ ಇನ್ನೊಂದು ಸಲ. ಅಂದರೆ ಒಂದೊಂದು ಮನೆಗೂ ಎರಡೆರಡು ಸುತ್ತು. ಕೋಟೆ ಕಡೆಯ ಓಣಿಗಳು, ತ್ರಿಪುರಾಂತ, ಕೊನೆಗೆ ಊರಾಚೆ ಹೈವೇ ಮೇಲಿನ ಸಸ್ತಾಪುರ ಬಂಗ್ಲಾ. ಬಂಗ್ಲಾ ಐದೇ ಕಿಲೋಮೀಟರ್ ಎಂದು ಊರವರೆಲ್ಲ ಹೇಳುತ್ತಾರೆ. ಎರಡು ಸಲ ಹೋಗಿ ಬರುವ ಸ್ನೇಹಲಳಿಗೆ ಅದು ಇಪ್ಪತ್ತು. ಊರೊಳಗಿನದನ್ನು ಸೇರಿಸಿದರೆ ಮೂವತ್ತನಾಲ್ಕು. ಬಾಯಿ ಲೆಕ್ಕವಲ್ಲ ಇದು. ಗೆಳತಿ ಪೂನಂಳ ಸ್ಕೂಟಿ ಎರವಲು ತಂದು, ಎರಡೂ ಸುತ್ತು ಹೊಡೆದು, ಮೀಟರ್ ನೋಡಿ ಬರೆದುಕೊಂಡದ್ದು.

ಶಂಕರಲಿಂಗ ಒಂದು ತಿಳಿನೀಲಿ ಗಾಡಿಯ ಸೀಟು ತಟ್ಟಿದ. "ಇದು ನೋಡ್ರಿ ಸರ್. ಲೈಸೆನ್ಸ್ ಬ್ಯಾಡ, ನಂಬರ್ ಬ್ಯಾಡ, ಪೆಟ್ರೋಲ್ ಅಂತೂ ಬ್ಯಾಡೇ ಬ್ಯಾಡ. ಗಾಡಿ ಒಂದೇ, ಬ್ಯಾಟರಿ ಎರಡು ನಮೂನಿ ಅವ. ಸಾದಾ ಬ್ಯಾಟರಿದು ನಲವತ್ತೆಂಟು ಸಾವಿರ, ಲಿಥಿಯಂದು ಅರವತ್ತಾರು. ಎಲ್ಲಿ ಓಡಸಾವ್ರು?"

"ಕಲ್ಯಾಣದಾಗ. ಬಂಗ್ಲಾ ತನಕ," ಎಂದಳು ಸ್ನೇಹಲ.

ಅವನು ಸಂಘರತ್ನನನ್ನೇ ನೋಡಿ ನಕ್ಕ. "ಸಸ್ತಾಪುರಕ್ಕ ಹೋಗಾಕ ಸಸ್ತಾ ಗಾಡಿನೇ ಬರೋಬರ್ ಆಗ್ತದ ಬಿಡ್ರಿ." ತನ್ನ ಮಾತಿಗೆ ತಾನೇ ಇನ್ನೊಮ್ಮೆ ನಕ್ಕು, "ಬರ್ರಿ ಸರ್, ಹೊರಗಿನ ಬೆಳಕಿನ್ಯಾಗ ಟೈರ್ ತೋರಸ್ತೀನಿ" ಎಂದು ಸಂಘರತ್ನನನ್ನು ಕರೆದುಕೊಂಡು ಹೋದ.

ಟೈರ್ ನೋಡುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಎರಡು ಟೈರುಗಳಲ್ಲಿ ಹತ್ತು ನಿಮಿಷ ನೋಡುವಂಥದ್ದು ಏನಿರುತ್ತದೋ ದೇವರೇ ಬಲ್ಲ. ಒಳಗೆ ಬಂದ ಸಂಘರತ್ನ, "ಸಾದಾ ಬ್ಯಾಟರಿದೇ ತಗೊಳ್ಳೋಣು. ಸುಮ್ಮನ ಯಾಕ ಹೆಚ್ಚು ಕೊಡೋದು" ಎಂದ.

ಸ್ನೇಹಲ ಅವನನ್ನು ಬಿಟ್ಟು ನೇರ ಶಂಕರಲಿಂಗನ ಎದುರು ನಿಂತಳು. "ರೀ, ನಂದು ದಿನಾ ಮೂವತ್ತನಾಲ್ಕು ಕಿಲೋಮೀಟರ್ ಆಗ್ತದ. ನಡುವ ಚಾರ್ಜ್ ಮಾಡಾಕ ಟೈಮ್ ಇರಂಗಿಲ್ಲ. ಇದು ಅಷ್ಟು ಹೋಗ್ತದೇನ್ರಿ?"

ಶಂಕರಲಿಂಗ ಒಂದು ಸಲ ಸಂಘರತ್ನನ ಮುಖ ನೋಡಿದ. ಆಮೇಲೆ ಎರಡೂ ಕಿವಿ ಮುಟ್ಟಿಕೊಂಡು ಹೇಳಿದ, "ಹೊಸ ಗಾಡಿಗೆ ಹೋಗ್ತದ ಅನಬಾರದವ್ವ. ಹೋಗಿ ಬರ್ತದ ಅನಬೇಕು."

ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು ಎಂದು ಸ್ನೇಹಲಳಿಗೂ ಅವ್ವ ಕಲಿಸಿದ್ದಳು. ಸ್ನೇಹಲ ಕೂಡಲೇ ಕೆನ್ನೆ ತಟ್ಟಿಕೊಂಡು, "ತಪ್ಪಾತ್ರಿ, ಹೋಗಿ ಬರ್ತದೇನು?" ಎಂದು ತಿದ್ದಿಕೊಂಡಳು. "ಹೋಗಿ ಬರ್ತದವ್ವ, ಹೋಗಿ ಬರ್ತದ" ಎಂದು ಅವನು ಆಶೀರ್ವಾದದ ಹಾಗೆ ಕೈ ಎತ್ತಿದ. ಅವಳು ಅದನ್ನೇ ಉತ್ತರ ಎಂದುಕೊಂಡು ಸಾದಾ ಬ್ಯಾಟರಿಯ ಗಾಡಿಗೇ ದುಡ್ಡು ಎಣಿಸಿಕೊಟ್ಟಳು. ಕೇಳಿದ್ದು ಬ್ಯಾಟರಿಯ ಮಾತು, ಸಿಕ್ಕಿದ್ದು ಶಾಸ್ತ್ರದ ಮಾತು ಎಂಬುದು ಅವಳ ತಲೆಗೆ ಹೊಳೆಯಲಿಲ್ಲ.

ಮೊದಲ ವಾರ ಮನೆಗಳು ಕಡಿಮೆಯಿದ್ದವು, ಊರೊಳಗಿನವೇ. ಗಾಡಿ ನಡೆಯಿತು. ಎರಡನೇ ವಾರದ ಸೋಮವಾರ ಬಂಗ್ಲಾದ ಮಹಾರುದ್ರಪ್ಪನವರ ಸರದಿ. ಹಳೆಯ ಅಡತಿ ವ್ಯಾಪಾರಿ, ಎಪ್ಪತ್ತು ದಾಟಿದವರು, ಸಕ್ಕರೆಗಿಂತ ಕೋಪದ ಕಾಯಿಲೆಯೇ ಜಾಸ್ತಿ. ಏಳು ಗಂಟೆಗೆ ಹೋಗಿ ಖಾಲಿ ಹೊಟ್ಟೆಯ ರಕ್ತ ತೆಗೆದಳು. ಅವರು ಏಳೂವರೆಗೆ ನಾಷ್ಟಾ ಮಾಡಿದರು. ಒಂಬತ್ತೂವರೆಗೆ ಸರಿಯಾಗಿ ಮತ್ತೆ ಅವಳು ಅಲ್ಲಿರಬೇಕು.

ಒಂಬತ್ತು ಇಪ್ಪತ್ತಕ್ಕೆ ಗಾಡಿ ಹೈವೇ ಕಡೆಯ ರಸ್ತೆಯಲ್ಲಿ ಕೊನೆಯುಸಿರು ಎಳೆಯಿತು. ಇನ್ನೂ ಎರಡು ಕಿಲೋಮೀಟರ್ ಉಳಿದಿತ್ತು. ಮೀಟರಿನಲ್ಲಿ ಅವತ್ತಿನ ಓಟ ಇಪ್ಪತ್ತಾರು ತೋರಿಸುತ್ತಿತ್ತು. ಅವಳು ಕೀಲಿ ತಿರುವಿದಳು, ಬೈದಳು, ಒದ್ದಳು, ಆಮೇಲೆ ನೂಕಿದಳು. ಕಬ್ಬಿನ ಟ್ರ್ಯಾಕ್ಟರುಗಳು ಮೈಗೆ ಧೂಳು ಎರಚಿ ಹೋದವು. ಮಹಾರುದ್ರಪ್ಪನವರ ಫೋನು ಮೂರು ಸಲ ಬಂತು. ಬೆವರಿನಿಂದ ತೊಯ್ದು ಮನೆ ಮುಟ್ಟಿದಾಗ ಹತ್ತಾಗಿ ಐದು ನಿಮಿಷ.

"ಎರಡು ತಾಸು ಅಂದಾಕಿ ನೀನಾ, ಗಡಿಯಾರದಾಗಿನ ಮುಳ್ಳಾ?" ಎಂದು ಅವರು ಜಗಲಿಯ ಮೇಲಿಂದಲೇ ಕೂಗಿದರು. "ಈಗ ಮತ್ತ ನಾಳೆ ಉಪಾಸ ಇರಬೇಕು, ಮತ್ತ ಎರಡು ಸಲ ಚುಚ್ಚಿಸ್ಕೋಬೇಕು. ನನ್ನ ಮೈಯಾಗ ರಕ್ತ ಅದ, ನಲ್ಲಿ ನೀರಲ್ಲ!"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ತಪ್ಪು ಮಾಡಿ ಬೈಸಿಕೊಂಡರೆ ಒಂದು ಸಮಾಧಾನವಾದರೂ ಇರುತ್ತದೆ. ಯಾರದೋ ತಪ್ಪಿಗೆ ತಲೆ ತಗ್ಗಿಸಿ ನಿಲ್ಲುವುದು ಕೆಂಡ ನುಂಗಿದ ಹಾಗೆ.

ವಿದ್ಯಾವತಿ ಮೇಡಂ ಕೂಗಾಡಲಿಲ್ಲ. "ಟೈಮ್ ತಪ್ಪಿದ್ರ ರಿಪೋರ್ಟ್ ಸುಳ್ಳಾಗ್ತದ ಸ್ನೇಹಲ. ಸುಳ್ಳು ರಿಪೋರ್ಟ್ ನೋಡಿ ಡಾಕ್ಟರ್ ಗುಳಿಗಿ ಹೆಚ್ಚು ಮಾಡಿದ್ರ ಯಾರು ಜವಾಬ್ದಾರಿ? ಎರಡು ದಿನ ನಮ್ಮ ಲ್ಯಾಬಿನ ಹುಡುಗ ಗುರುಶಾಂತ ಹೋಗ್ಲಿ, ಅವನ ಹಂತ್ಯಾಕ ಮೋಟರ್‌ಸೈಕಲ್ ಅದ. ಗುರುವಾರ ನಿನ್ನ ಗಾಡಿ ಸರಿ ಇದ್ರ ನೀ ಹೋಗು. ಇರಲಿಲ್ಲಂದ್ರ ಈ ಸುತ್ತು ಅವನಿಗೇ ಬಿಟ್ಟುಬಿಡು" ಎಂದರು.

ಮನೆಯಲ್ಲಿ ಸಂಘರತ್ನ ಅವಳ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದ. ಅವನು ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಕುಡಿಯುವವನಲ್ಲ, ಹೊಡೆಯುವವನಲ್ಲ, ಜೋರಾಗಿ ಮಾತಾಡುವವನೂ ಅಲ್ಲ. ಓಣಿಯ ಹೆಂಗಸರೆಲ್ಲ ಇಂಥ ಗಂಡ ಸಿಗಬೇಕಂದರೆ ಪುಣ್ಯ ಮಾಡಿರಬೇಕು ಎನ್ನುತ್ತಿದ್ದರು.

"ಹೋಗ್ಲಿ ಬಿಡು," ಎಂದ ಅವನು. "ಬಂಗ್ಲಾದ್ದು ಗುರುಶಾಂತ ನೋಡ್ಕೋತಾನ. ನೀ ಊರಾಗಿಂದು ಮಾಡು. ಒಂಬತ್ತಕ್ಕ ಮನಿಗೆ ಬರ್ತಿ, ಆರಾಮ್ ಆಗ್ತದ."

"ಬಂಗ್ಲಾ ಬಿಟ್ರ ಸುತ್ತೇ ಬಿಟ್ಟಂಗ. ಮೇಡಂ ಅರ್ಧ ಸುತ್ತು ಯಾರಿಗೂ ಕೊಡಂಗಿಲ್ಲ," ಎಂದಳು. "ನಾಳೆ ಹುಮನಾಬಾದಿಗೆ ಹೋಗೂದು. ನೀವೂ ಬರ್ರಿ. ನಿಮ್ಮ ಮುಂದ ಹೇಳ್ಯಾನ ಅಂವಾ, ನಿಮ್ಮ ಮುಂದೇ ಕೇಳ್ತೀನಿ."

"ನಾಳೆ ಅಂಗಡಿ..." ಎಂದು ಅವನು ತೊದಲಿದ.

"ನಾಳೆ ನಿಮಗ ರಜಾ," ಎಂದಳು.

ಮಂಗಳವಾರ ಗೂಡ್ಸ್ ಆಟೊದಲ್ಲಿ ಗಾಡಿ ಹೇರಿಸಿಕೊಂಡು ಇಬ್ಬರೂ ಹುಮನಾಬಾದ್ ಮುಟ್ಟಿದರು. ಶಂಕರಲಿಂಗ ಮತ್ತೆ ಕುರ್ಚಿ ಎಳೆದ. ಸಂಘರತ್ನ ಕೂರುವುದಕ್ಕೆ ಮುಂಚೆ ಸ್ನೇಹಲ ಅದರಲ್ಲಿ ಕೂತುಬಿಟ್ಟಳು. ಶಂಕರಲಿಂಗನ ಕೈ ಗಾಳಿಯಲ್ಲೇ ನಿಂತಿತು.

"ಮೂವತ್ತನಾಲ್ಕು ಅಂತ ಕೇಳಿದ್ದೆ. ಇಪ್ಪತ್ತಾರಕ್ಕ ಸತ್ತದ. ಹೋಗಿ ಬರ್ತದ ಅಂದಿದ್ರಿ. ಹೋತು, ಬರಲಿಲ್ಲ. ಈಗ ಏನು ಹೇಳ್ತೀರಿ?"

ಅವನು ಗಾಡಿಯನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. "ಸರ್, ಹೆಣ್ಮಕ್ಕಳು ಬ್ರೇಕ್ ಹಿಡ್ಕೊಂಡೇ ಎಕ್ಸಲೇಟರ್ ತಿರುವ್ತಾರ. ಹಂಗಾದ್ರ ಯಾವ ಬ್ಯಾಟರಿ ತಡೀತದ? ನೀವು ಒಂದ್ಸಲ ಓಡಸಿ ನೋಡ್ರಿ..."

"ನನ್ನ ಮಾರಿ ನೋಡಿ ಮಾತಾಡ್ರಿ!" ಸ್ನೇಹಲ ಎದ್ದು ನಿಂತಳು. ಮೂಲೆಯಲ್ಲಿ ಚಕ್ರ ಬಿಚ್ಚುತ್ತಿದ್ದ ಮೆಕ್ಯಾನಿಕ್ ಹಬೀಬ್ ಪಾನಾ ಕೆಳಗಿಟ್ಟ. "ರೊಕ್ಕ ಕೊಟ್ಟಾಕಿ ನಾನು, ಓಡಸಾಕಿ ನಾನು, ಹಾದ್ಯಾಗ ನೂಕ್ಕೊಂಡು ಹೋಗಾಕಿ ನಾನು. ಮಾತು ಮಾತ್ರ ಅವರ ಜೋಡಿ! ಹೋಗಿ ಬರ್ತದ ಅಂತ ಅಂದ್ರೋ ಇಲ್ಲೋ?"

"ಅಂದೀನವ್ವ. ಶಾಸ್ತ್ರಕ್ಕ ಅಂದೀನಿ. ಮಂದಿ ಸತ್ತ ಮನ್ಯಾಗ ಅಷ್ಟೇ ಬರ್ತೀವಿ ಅನ್ನಂಗಿಲ್ಲ, ಉಳಿದ ಕಡೆ ಎಲ್ಲಾ ಹೋಗಿ ಬರ್ತೀವಿ ಅಂತೇ ಅಂತೀವಿ. ಅದು ಗ್ಯಾರಂಟಿ ಆಗ್ತದೇನು?"

"ಹಂಗಾರ ಸುಳ್ಳು ಹೇಳಿದ್ರಿ!"

ಸುಳ್ಳು ಎಂಬ ಮಾತು ಶಂಕರಲಿಂಗನಿಗೆ ಚುಚ್ಚಿತು. ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡ. ಅವನ ಮುಖ ಕೆಂಪಾಯಿತು.

"ನೋಡವ್ವ, ನಾ ವ್ಯಾಪಾರಸ್ಥ. ಎರಡು ಮಾತು ಹೆಚ್ಚು ಆಡ್ತೀನಿ, ಆದ್ರ ಕೇಳಿದವ್ರಿಗೆ ಸುಳ್ಳು ಹೇಳಂಗಿಲ್ಲ. ಸುಳ್ಳು ಹೇಳಬಾರದು ಅಂತೇ ಹೋಗಿ ಬರ್ತದ ಅಂದು ಮಾತು ಹಾರಿಸಿದೆ. ನಿಮ್ಮ ಸುತ್ತು ಎಷ್ಟು ದೂರದ್ದಂತ ಯಜಮಾನ್ರ ಬಾಯಿಲೇ ಕೇಳ್ಕೊಂಡು, ಖರೇ ಮಾತು ಅವರಿಗೆ ಹೊರಗ ನಿಂತು ಹೇಳೀನಿ. ಸಾದಾ ಬ್ಯಾಟರಿ ಇಪ್ಪತ್ತೈದರ ಮ್ಯಾಲ ಓಡಂಗಿಲ್ಲ, ಬಾಯೋರ ಕೆಲಸಕ್ಕ ಲಿಥಿಯಂನೇ ಬೇಕು ಅಂದೆ. ಇವರೇ ಅಂದ್ರು, ಇಪ್ಪತ್ತೈದು ಸಾಕು, ಆಕಿ ಬಂಗ್ಲಾ ತನಕ ತಿರುಗೂದು ನನಗೂ ಬ್ಯಾಡಾಗೇದ ಅಂತ. ಕೇಳ್ರಿ, ಇಲ್ಲೇ ನಿಂತಾರ."

ಸ್ನೇಹಲ ತಿರುಗಿ ನೋಡಿದಳು. ಸಂಘರತ್ನ ನೆಲದ ಮೇಲಿನ ಒಂದು ನಟ್ಟನ್ನು ಬಹಳ ಲಕ್ಷ್ಯಕೊಟ್ಟು ನೋಡುತ್ತಿದ್ದ.

ಇಷ್ಟು ಹೊತ್ತು ಬೇರೆಯವನ ಮೇಲೆ ಹರಿಸಿದ ಬೈಗುಳಗಳೆಲ್ಲ ಮನೆ ತಪ್ಪಿ ಹೋದ ಕಾಗದಗಳಂತೆ ಅವಳ ಕೈಗೇ ವಾಪಸು ಬಂದವು. ಬೇಡ ಎಂದು ಅವಳ ಎದುರು ಹೇಳುವ ಧೈರ್ಯ ಈ ಗಂಡಸಿಗೆ ಇರಲಿಲ್ಲ. ಆ ಮಾತನ್ನು ಬ್ಯಾಟರಿಯ ಬಾಯಿಂದ ಹೇಳಿಸಿದ್ದ. ಅವಳು ರಸ್ತೆಯಲ್ಲಿ ನಿಲ್ಲಲಿ, ಬೈಸಿಕೊಳ್ಳಲಿ, ಸಾಕಾಗಿ ತಾನೇ ಬಿಡಲಿ. ತಾನು ಮಾತ್ರ ಒಳ್ಳೆಯ ಗಂಡನಾಗಿಯೇ ಉಳಿಯಬೇಕು.

"ಯಾಕ?" ಎಂದಳು. ಅವಳ ದನಿ ಈಗ ಸಣ್ಣದಾಗಿತ್ತು. ಶಂಕರಲಿಂಗನೂ ಹಬೀಬನೂ ಏನೋ ನೆಪ ಹುಡುಕಿಕೊಂಡು ಹೊರಗೆ ಹೋದರು.

"ನಿನ್ನ ಕಾಳಜಿಗೇ... ಹೈವೇ, ಲಾರಿ..."

"ಕಾಳಜಿ ಇದ್ದಾವ್ರು ಪೂರಾ ಓಡೋ ಗಾಡಿ ಕೊಡಸ್ತಾರ. ಹೈವೇ ರಸ್ತ್ಯಾಗ ನಡುವ ನಿಲ್ಲೋ ಗಾಡಿ ಕೊಡಸಂಗಿಲ್ಲ. ಖರೇ ಹೇಳ್ರಿ."

ಅವನು ಆ ನಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. "ದಿಗಂಬರನ ಹೋಟೆಲ್‌ನ್ಯಾಗ ಮಂದಿ ನಗಾಕತ್ತಾರ," ಎಂದ ಕೊನೆಗೆ. "ನಿನ್ನ ಹೆಂಡ್ತಿ ಹೊತ್ತು ಮೂಡೂದಕ್ಕ ಎದ್ದು ಊರ ಗಂಡಸರ ಕೈ ಹಿಡ್ಕೋತ ಹೊಂಡತಾಳ ಅಂತಾರ. ನಾ ಎಷ್ಟಂತ ಸುಮ್ಮನ ಕುಂದರ್ಲಿ?"

"ಸುಮ್ಮನ ಕುಂತ್ರಿ ಅಲಾ. ಅವರ ಮುಂದ ಸುಮ್ಮನ ಕುಂತು, ನನ್ನ ಬ್ಯಾಟರಿ ಸಣ್ಣದು ಮಾಡಿದ್ರಿ."

ಅವಳು ಹೊರಗೆ ಹೋಗಿ ಶಂಕರಲಿಂಗನನ್ನು ಕರೆದಳು. ಹಳೆಯ ಬ್ಯಾಟರಿ ವಾಪಸು ತೆಗೆದುಕೊಂಡು ಲಿಥಿಯಂ ಕೂರಿಸಬೇಕು, ಹೆಚ್ಚಿನದನ್ನು ತಿಂಗಳು ತಿಂಗಳು ಕೊಡುತ್ತೇನೆ, ಎಷ್ಟು ಓಡುತ್ತದೆ ಎಂದು ಬಿಲ್ಲಿನ ಮೇಲೆ ಅಂಕಿಯಲ್ಲಿ ಬರೆದು ಸಹಿ ಹಾಕಬೇಕು ಎಂದಳು. ಅವನು ಅಭ್ಯಾಸಬಲದಿಂದ, "ಸರ್, ಏನು ಮಾಡೂದು?" ಎಂದು ಸಂಘರತ್ನನ ಕಡೆ ತಿರುಗಿದ. ಆಮೇಲೆ ತನ್ನಷ್ಟಕ್ಕೆ ತಾನೇ ನಾಲಿಗೆ ಕಚ್ಚಿಕೊಂಡು, ಬಿಲ್ಲಿನ ಬೆನ್ನಿಗೆ ಐವತ್ತು ಕಿಲೋಮೀಟರ್ ಎಂದು ಬರೆದುಕೊಟ್ಟ. ಹಬೀಬ್ ಬ್ಯಾಟರಿ ಕೂರಿಸಿ, ಚಾರ್ಜ್ ತುಂಬಿಸಿ, ಗಾಡಿಯನ್ನು ಬೀದಿಗೆ ಇಳಿಸುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು.

"ನಾ ಇದರ ಮ್ಯಾಲೇ ಕಲ್ಯಾಣಕ್ಕ ಹೋಗಾಕಿ," ಎಂದಳು ಗಂಡನಿಗೆ. "ನೀವು ಬಸ್ಸಿಗೆ ಬರ್ರಿ."

"ಹುಚ್ಚಿಯೇನು? ಮೂವತ್ತು ಕಿಲೋಮೀಟರ್ ಹೈವೇ!"

"ಗುರುವಾರ ಇದು ಮತ್ತ ನಿಂತ್ರ ನನ್ನ ಸುತ್ತು ಹೋಗ್ತದ. ನಿಲ್ಲೂದಿದ್ರ ಇವತ್ತೇ ನಿಲ್ಲಲಿ." ಅವಳು ಓಡಣಿಯನ್ನು ಮುಖಕ್ಕೆ ಸುತ್ತಿಕೊಂಡು ಹೊರಟಳು.

ಗಾಡಿ ಇಪ್ಪತ್ತೈದರ ಮೇಲೆ ವೇಗ ಹಿಡಿಯುವಂಥದ್ದಲ್ಲ. ಹೈವೇಯ ಎಡ ಅಂಚಿಗೆ ಅಂಟಿಕೊಂಡು ಹೊರಟಳು. ಪ್ರತಿ ಲಾರಿಯೂ ಗಾಳಿಯಿಂದ ಒಂದು ಏಟು ಹಾಕಿ ಹೋಗುತ್ತಿತ್ತು. ಭಯವಾಗಲಿಲ್ಲ ಎಂದರೆ ಸುಳ್ಳು; ಆದರೆ ಭಯಕ್ಕೆ ಕೂರಲು ಜಾಗವಿರಲಿಲ್ಲ, ಸಿಟ್ಟು ಅಷ್ಟು ತುಂಬಿಕೊಂಡಿತ್ತು. ಹುಮನಾಬಾದ್ ದಾಟಿ ಎಷ್ಟೋ ಹೊತ್ತಾದ ಮೇಲೆ ಒಂದು ಕೆಂಪು ಬಸ್ಸು ಹಿಂದಿನಿಂದ ಬಂದು ಮುಂದೆ ಹೋಯಿತು. ಕಿಟಕಿಯಲ್ಲಿ ಸಂಘರತ್ನನ ಮುಖ ಕಂಡಿತು. ಇಪ್ಪತ್ತಾರನೇ ಕಿಲೋಮೀಟರ್ ದಾಟಿದಾಗ ಅವಳು ಮೀಟರ್ ನೋಡಿದಳು. ಚಾರ್ಜಿನ ಗೆರೆಗಳು ಅರ್ಧದಷ್ಟು ಉಳಿದಿದ್ದವು.

ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಅವನನ್ನು ಹೈವೇ ಮೇಲೇ ಇಳಿಸಿ ಹೋಗಿತ್ತು. ಆಟೊಗಳು ಕೂಗಿ ಕರೆಯುತ್ತಿದ್ದರೂ ಹತ್ತದೆ ಬಿಸಿಲಲ್ಲಿ ನಿಂತಿದ್ದ. ಅವಳು ಗಾಡಿ ನಿಲ್ಲಿಸಿದಳು.

"ಹತ್ರಿ," ಎಂದಳು.

ಅವನು ಹ್ಯಾಂಡಲ್ ಕಡೆ ಕೈ ಚಾಚಿದ. ಅವಳು ಸರಿಯಲಿಲ್ಲ. ಅವನು ಹಿಂದೆ ಕೂತ. ಊರು ಸಮೀಪಿಸಿದಾಗ ಅವನು ಮೆಲ್ಲಗೆ, "ಹಿಂದಿನ ಓಣಿಲೆ ಹೋಗು, ಹತ್ತಿರ ಆಗ್ತದ" ಎಂದ.

ಅದು ಹತ್ತಿರವೂ ಆಗುತ್ತಿರಲಿಲ್ಲ. ಸ್ನೇಹಲ ಬಜಾರದ ನಡುರಸ್ತೆಯಲ್ಲೇ ಗಾಡಿ ಬಿಟ್ಟಳು. ಅಂಗಡಿ ಕಟ್ಟೆಗಳ ಮೇಲಿದ್ದವರು ಕತ್ತು ತಿರುಗಿಸಿದರು. ಹಿಂದಿನಿಂದ ಸಂಘರತ್ನನ ಉಸಿರು ಅವಳ ಬೆನ್ನಿಗೆ ತಾಗುತ್ತಿತ್ತು. ದಿಗಂಬರನ ಹೋಟೆಲಿನ ಎದುರಿಗೆ ಬಂದು ಬ್ರೇಕ್ ಹಾಕಿದಳು.

ಹೊರಗಿನ ಬೆಂಚಿನ ಮೇಲೆ ಐದಾರು ಮಂದಿ ಚಹಾ ಕುಡಿಯುತ್ತಿದ್ದರು. ದುಡ್ಡಿನ ಗಲ್ಲೆಯ ಹಿಂದೆ ದಿಗಂಬರ. ಯಾರೋ ಕಿಸಕ್ಕೆಂದರು. ಸ್ನೇಹಲ ಇಳಿದು, ಸೀಟೆತ್ತಿ, ಒಳಗಿದ್ದ ಲ್ಯಾಬಿನ ಚೀಲ ತೆಗೆದಳು. ರಬ್ಬರ್ ಪಟ್ಟಿ, ಸ್ಪಿರಿಟ್ಟಿನ ಹತ್ತಿ, ಹೊಸ ಸೂಜಿಯ ಪೊಟ್ಟಣ, ಒಂದೊಂದಾಗಿ ಟೇಬಲ್ಲಿನ ಮೇಲೆ ಚಹಾದ ಗ್ಲಾಸುಗಳ ನಡುವೆ ಇಟ್ಟಳು.

"ನಾ ಊರ ಗಂಡಸರ ಕೈ ಹಿಡೀತೇನಂತ ಇಲ್ಲಿ ಭಾಳ ಮಾತು ನಡದಾವಂತ," ಎಂದಳು, ರಸ್ತೆಯ ಆಚೆಗೂ ಕೇಳುವ ಹಾಗೆ. "ಖರೇ ಅದ. ಹಿಡೀತೇನಿ. ಬರ್ರಿ, ಯಾರ ಕೈ ಮೊದಲು? ದಿಗಂಬರಣ್ಣ, ನೀವು ಬರ್ತೀರೇನು?"

ದಿಗಂಬರ ಗಲ್ಲೆಯ ಡ್ರಾ ತೆರೆದು ಅದರೊಳಗೆ ಏನೋ ಹುಡುಕತೊಡಗಿದ. ಒಬ್ಬನು ಮಡಚಿದ್ದ ಅಂಗಿಯ ತೋಳನ್ನು ಸದ್ದಿಲ್ಲದೆ ಮಣಿಕಟ್ಟಿನವರೆಗೆ ಇಳಿಸಿಕೊಂಡ. ಅವಳು ಸೂಜಿ ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಆಗ ಸಂಘರತ್ನ ಗಾಡಿಯಿಂದ ಇಳಿದು ಬಂದ. ಬೆಂಚಿನ ಮೇಲಿದ್ದವನಿಗೆ ಸರಿದುಕೋ ಎಂದು ಸನ್ನೆ ಮಾಡಿ ಕೂತ. ಅಂಗಿಯ ಗುಂಡಿ ಬಿಚ್ಚಿ, ತೋಳನ್ನು ಮೇಲಕ್ಕೆ ಮಡಚಿ, ಎಲ್ಲರ ಎದುರಿಗೆ ಅವಳ ಮುಂದೆ ಕೈ ಚಾಚಿದ.

"ನಂದು ಮೊದಲು," ಎಂದ.

ಸ್ನೇಹಲ ಅವನ ಮುಖ ನೋಡಲಿಲ್ಲ. ಕೈ ಹಿಡಿದು, ರಬ್ಬರ್ ಪಟ್ಟಿಯನ್ನು ಬೇಕಾದದ್ದಕ್ಕಿಂತ ಒಂದು ಸುತ್ತು ಬಿಗಿಯಾಗಿಯೇ ಕಟ್ಟಿದಳು.